ಕಡಿದ ರೆಂಬೆ ನೆನಪಿಟ್ಟುಕೊಂಡ ದಿನ

ಜೂರಾಕನ್ ಎಜೆ ನಿವೃತ್ತಳಾದ ದಿನ ನಮ್ಮ ಸಂಸ್ಥೆಯ ಬಾಗಿಲ ಪಕ್ಕದ ಹಲಗೆಗೆ ಒಂದು ಹಾಳೆ ಅಂಟಿಸಿದರು. ಮೇಲೆ ಆಕೆಯ ಹಳೆಯ ಫೋಟೋ, ಕೆಳಗೆ ನಾಲ್ಕು ಸಾಲು. ಶುಚಿಯಾದ ಕೈ, ಶಾಂತ ಸ್ವಭಾವ, ರುಚಿಯಾದ ಬೂರ್ಸೋಕ್, ನಮ್ಮೆಲ್ಲರ ಅಕ್ಕರೆಯ ಅಕ್ಕ ಎಂದು ಬರೆದಿತ್ತು. ಅಷ್ಟೇ. ಓದುತ್ತಿದ್ದ ಹಾಗೆ ನನಗೆ ನೆತ್ತಿಗೆ ರಕ್ತ ಏರಿತು. ಜೀವಮಾನವೆಲ್ಲ ಮೆದುಳಿನ ಜೊತೆ ಗುದ್ದಾಡಿದ ಹೆಂಗಸನ್ನು ಬೀಳ್ಕೊಡುವಾಗ ಇವರಿಗೆ ನೆನಪಾದದ್ದು ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಣುಕು. ಇನ್ನು ಶಾಂತ ಸ್ವಭಾವದ ಮಾತು ಬೇರೆ. ನನ್ನ ಮೇಲೆ ಆಕೆ ಎಸೆದ ಒದ್ದೆ ಬಟ್ಟೆಗಳನ್ನು ಕೂಡಿಟ್ಟಿದ್ದರೆ ಒಂದು ಕಂಬಳಿ ಹೊಲಿಯಬಹುದಿತ್ತು.

ಆ ಹಾಳೆಯನ್ನು ಕಿತ್ತು ಹಾಕಿದೆ. ಆಫೀಸಿನ ಹೆಂಗಸು ಇನ್ನೊಂದು ಅಂಟಿಸಿದಳು. ಅದನ್ನೂ ಕಿತ್ತೆ. ಈಗಲೂ ಆ ಹಲಗೆಯ ಮುಂದೆ ಹಾಯುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತೇನೆ. ಆ ಹಾಳೆಯಲ್ಲಿ ಏನು ಇರಬೇಕಿತ್ತೋ ಅದನ್ನು ನಾನೇ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ತರಗತಿ. ರಾಜಧಾನಿ ಬಿಷ್ಕೆಕ್‌ನ ಈ ಸಂಶೋಧನಾ ಸಂಸ್ಥೆಯಲ್ಲಿ ಬಾಯ್ಲರ್, ಕೊಳಾಯಿ, ವೈರು, ಬೀಗ, ಇವು ನನ್ನ ವಿದ್ಯೆ. ನನ್ನ ಹೆಸರು ಎಸೆನ್. ವಿಜ್ಞಾನದಲ್ಲಿ ಎಲ್ಲಾದರೂ ತಪ್ಪಿದರೆ ಬೈಗುಳ ನನಗೆ ಬರಲಿ, ಎಜೆಗೆ ಬೇಡ.

ಎಜೆ ಅಂದರೆ ನಮ್ಮಲ್ಲಿ ಅಕ್ಕ. ಆಕೆ ಹುಟ್ಟಿದ್ದು ನರಿನ್ ಕಡೆಯ ಅತ್‌ಬಾಶಿಯಲ್ಲಿ. ಅಪ್ಪ ಕುದುರೆ ಮಂದೆ ಕಾಯುವವನು. ಬೇಸಿಗೆಯೆಲ್ಲ ಎತ್ತರದ ಹುಲ್ಲುಗಾವಲಿನಲ್ಲಿ, ಉಣ್ಣೆಯ ಗುಡಾರದಲ್ಲಿ. ದನದ ಡಾಕ್ಟರಾಗಬೇಕೆಂದು ಲಾರಿಯ ಹಿಂದೆ ಕೂತು ರಾಜಧಾನಿಗೆ ಬಂದವಳು, ಆ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ಅಳುತ್ತಾ ಪಕ್ಕದ ಕಟ್ಟಡಕ್ಕೆ ನುಗ್ಗಿ ಶರೀರ ವಿಜ್ಞಾನಕ್ಕೆ ಸೇರಿಕೊಂಡಳು. ಕಲಿತು ಮುಗಿಸಿದ ಮೇಲೆ ನಮ್ಮಲ್ಲೇ ಕೆಲಸ ಸಿಕ್ಕಿತು. ಗಂಡ ಜುಮಾಶ್ ಟ್ರಾಲಿಬಸ್ ಓಡಿಸುತ್ತಿದ್ದ. "ಗಂಡ ಆಗೋ ಬದ್ಲು ಇವಳ ಇಲಿ ಆಗಿ ಹುಟ್ಟಿದ್ರೆ ಹೊತ್ತುಹೊತ್ತಿಗೆ ಊಟ ಸಿಗ್ತಿತ್ತು ನೋಡು" ಎಂದು ಅವನು ಬಂದವರ ಮುಂದೆಲ್ಲ ಹೇಳುವನು. ಎಜೆ ನಗುತ್ತಿದ್ದಳು, ಆದರೆ ಪ್ರಯೋಗದ ಇಲಿಗಳ ಊಟದ ಹೊತ್ತು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ದೊಡ್ಡ ಪದವಿ ಆಕೆಗೆ ಬರಲೇ ಇಲ್ಲ. ಇಬ್ಬರು ಮಕ್ಕಳು, ಅತ್ತೆಯ ಪಾರ್ಶ್ವವಾಯು, ದೇಶ ಒಡೆದದ್ದು, ಸಂಬಳ ನಿಂತದ್ದು, ಇವೆಲ್ಲದರ ನಡುವೆ ಪದವಿಗೆಂದು ಬರೆಯುತ್ತಿದ್ದ ಪುಸ್ತಕ ಅರ್ಧಕ್ಕೇ ನಿಂತುಹೋಯಿತು. ಹುಡುಕಾಟ ಮಾತ್ರ ನಿಲ್ಲಲಿಲ್ಲ.

ಚಳಿಗಾಲದಲ್ಲಿ ಕೈ ಮರಗಟ್ಟಿದಾಗ ಆಕೆ ನನ್ನ ಬಾಯ್ಲರ್ ಕೋಣೆಗೆ ಇಳಿದು ಬರುತ್ತಿದ್ದಳು. ಉಪ್ಪು ಹಾಕಿದ ಹಾಲು ಚಹಾ ಬಟ್ಟಲಿಗೆ ಸುರಿದುಕೊಂಡು, ಪೈಪಿಗೆ ಬೆನ್ನು ಕೊಟ್ಟು ಕೂರುವಳು. ಒಂದು ದಿನ ನಾನು ಕೆಣಕಿದೆ.

"ಎಜೆ, ಇಷ್ಟು ವರ್ಷದಿಂದ ಆ ಇಲಿ ಮೆದುಳಲ್ಲಿ ಏನ್ ಹುಡುಕ್ತಿದ್ದೀಯ? ಕಳ್ಕೊಂಡ ಓಲೆನಾ?"

"ಒಲೆ ಹುಡುಕ್ತಿದ್ದೀನಿ ಕಣೋ ತಮ್ಮಾ."

"ಒಲೆ ಇಲ್ಲೇ ಇದೆಯಲ್ಲ, ಬೆನ್ನು ಸುಡ್ತಿರೋದು ಗೊತ್ತಾಗ್ತಿಲ್ವಾ?"

"ಸುಮ್ನೆ ಕೇಳು" ಎಂದು ಬಟ್ಟಲು ಕೆಳಗಿಟ್ಟಳು. "ಒಂದು ನರಕೋಶ ಅಂದ್ರೆ ಕಣಿವೇಲಿರೋ ಒಂದು ಊರು ಅಂತಿಟ್ಕೋ. ಊರಲ್ಲಿ ದೊಡ್ಡ ಬೇಕರಿ ಇದೆ. ಅಲ್ಲಿಂದ ಮೇಲಕ್ಕೆ ಉದ್ದಕ್ಕೆ ರೆಂಬೆ ಹೋಗುತ್ತೆ, ನಮ್ಮ ಹುಲ್ಲುಗಾವಲಿಗೆ ಹೋಗೋ ದಾರಿ ಥರ. ಆ ರೆಂಬೆ ಮೇಲೆ ಸಾವಿರಾರು ಸಂಧಿಗಳು. ಒಂದೊಂದು ಸಂಧೀಲೂ ಬೇರೆ ನರ ಬಂದು ಮುಟ್ಟುತ್ತೆ. ಒಂದೊಂದು ಸಂಧಿ ಒಂದೊಂದು ಗುಡಾರ. ಸರಿನಾ?"

"ಸರಿ."

"ಇಲಿ ಏನೋ ಕಲೀತು. ಸಾವಿರ ಸಂಧಿ ಎಲ್ಲಾ ಬದಲಾಗಲ್ಲ. ಸುದ್ದಿ ಬಂದು ಬಡಿದ ಕೆಲವು ಮಾತ್ರ ಗಟ್ಟಿಯಾಗ್ತವೆ. ಗಟ್ಟಿಯಾಗಿದ್ದು ಹಂಗೇ ನಿಲ್ಲಬೇಕು ಅಂದ್ರೆ ಹೊಸ ಪ್ರೋಟೀನು ಬೇಕು. ಆಗ ತಾನೇ ಬೆಂದ ರೊಟ್ಟಿ ಬೇಕು ಅಂತಿಟ್ಕೋ. ಅದಿಲ್ಲ ಅಂದ್ರೆ ಬೆಳಿಗ್ಗೆ ಕಲಿತದ್ದು ಸಂಜೆಗೆ ಹೋಯ್ತು. ರೊಟ್ಟಿ ಎಲ್ಲಾ ಕೆಳಗಡೆ ಬೇಕರೀಲೇ ಬೇಯುತ್ತೆ, ಅಲ್ಲಿಂದ ಮೇಲಕ್ಕೆ ಬರುತ್ತೆ ಅಂತ ನಮಗೆಲ್ಲಾ ಪಾಠ ಮಾಡಿದ್ರು. ನಿನ್ನ ಬುದ್ಧಿಗೆ ಅದು ಒಪ್ಪುತ್ತಾ?"

"ಯಾಕೆ ಒಪ್ಪಬಾರದು?"

"ಲೋ, ಯಾವ ಗುಡಾರಕ್ಕೆ ನೆಂಟ್ರು ಬಂದವ್ರೆ ಅಂತ ಕಣಿವೆ ಬೇಕರಿಯವನಿಗೆ ಹೆಂಗೋ ಗೊತ್ತಾಗುತ್ತೆ? ಗೊತ್ತಾಗಿ ಅವನು ಕುದುರೆ ಮೇಲೆ ರೊಟ್ಟಿ ಹೇರಿ ಕಳಿಸೋ ಹೊತ್ತಿಗೆ ನೆಂಟ್ರು ಎದ್ದು ಹೋಗಿರ್ತಾರೆ. ನಮ್ಮವ್ವ ಏನ್ ಮಾಡ್ತಿದ್ಲು? ಹಿಟ್ಟು ಮೊದ್ಲೇ ಮೇಲಕ್ಕೆ ಬಂದಿರ್ತಿತ್ತು. ನಾಯಿ ಬೊಗಳಿದ ತಕ್ಷಣ ಒಲೆ ಹೊತ್ತಿಸೋಳು. ನೆಂಟ್ರು ಬಂದ ಗುಡಾರದಲ್ಲಿ ಮಾತ್ರ ಹೊಗೆ. ಪಕ್ಕದ ಗುಡಾರದಲ್ಲಿ ಇಲ್ಲ."

ಊರು ಅಂದರೆ ಕೋಶದ ತಲೆ. ಅಲ್ಲಿರುವ ಮೂಲ ಬರಹದಿಂದ ನಕಲುಗಳು ಮುಂಚೆಯೇ ಹೊರಟು ರೆಂಬೆಯ ತುದಿಯಲ್ಲಿ ಕಾದಿರುತ್ತವಂತೆ. ಅದೇ ಹಿಟ್ಟು. ಆ ನಕಲನ್ನು ಓದಿ ಪ್ರೋಟೀನು ಕಟ್ಟುವ ಸಣ್ಣ ಸಣ್ಣ ಯಂತ್ರಗಳೂ ಅಲ್ಲೇ, ಸಂಧಿಯ ಬುಡದಲ್ಲೇ ಕೂತಿರುತ್ತವಂತೆ. ಅದೇ ಒಲೆ. ಹೊರದೇಶದವರು ಅವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬಹಳ ದಿನವಾಗಿತ್ತು. "ಆದ್ರೆ ಒಲೆ ಇದೆ ಅನ್ನೋದು ಬೇರೆ" ಎಂದಳು ಎಜೆ, "ಆ ಒಲೆ ಮೇಲೆ ಬೆಂದ ರೊಟ್ಟಿಯಿಂದಾನೇ ನೆನಪು ನಿಲ್ಲುತ್ತೆ ಅನ್ನೋದು ಬೇರೆ. ಅದನ್ನ ತೋರಿಸ್ಬೇಕು ಅಂದ್ರೆ ದಾರೀನೇ ಕಡೀಬೇಕು. ಊರಿಂದ ರೆಂಬೇನ ಬೇರೆ ಮಾಡ್ಬೇಕು. ಆಮೇಲೂ ಮೇಲೆ ಹೊಗೆ ಎದ್ರೆ ನಾನು ಗೆದ್ದೆ."

ಇಷ್ಟು ಹೇಳಿ ನನ್ನ ಚಹಾವನ್ನೂ ಕುಡಿದು ಎದ್ದು ಹೋದಳು. ನನಗೆ ಆ ಮಧ್ಯಾಹ್ನ ಕೆಲಸ ಮಾಡಲು ಆಗಲಿಲ್ಲ. ನನ್ನ ಬುರುಡೆಯೊಳಗೆ ಹುಲ್ಲುಗಾವಲುಗಳು, ಅಲ್ಲೊಂದು ಇಲ್ಲೊಂದು ಹೊಗೆ. ಯಾರಿಗೆ ಹೇಳಲಿ? ಹೆಂಡತಿಗೆ ಹೇಳಿದೆ. "ನಿನ್ನ ಬುರುಡೇಲಿ ಹೊಗೆ ಇರೋದು ನನಗೆ ಮದುವೆ ದಿನವೇ ಗೊತ್ತಿತ್ತು" ಅಂದಳು.

ಸಂಸ್ಥೆಗೆ ಕಷ್ಟದ ಕಾಲ ಅದು. ಕೆಳಗಿನ ಅಂತಸ್ತಿನ ಕೋಣೆಗಳನ್ನೆಲ್ಲ ಬಾಡಿಗೆಗೆ ಕೊಟ್ಟಾಗಿತ್ತು. ಒಂದರಲ್ಲಿ ಹಲ್ಲಿನ ಡಾಕ್ಟರು, ಒಂದರಲ್ಲಿ ಪರದೆ ಬಟ್ಟೆಯ ಅಂಗಡಿ. ವಸಂತದ ಹೊಸವರ್ಷ ನೊರೂಜ್‌ಗೆ ಮೊದಲು ಆಡಳಿತ ಸಭೆ ಕೂತು ಇನ್ನೊಂದು ಕೋಣೆ ಬಿಡಿಸಬೇಕಿತ್ತು. ನಮ್ಮ ವಿಭಾಗದ ಮುಖ್ಯಸ್ಥ ಬೇಶೆನ್ ಒರೋಜೊವಿಚ್ ಎಜೆಯ ಕೋಣೆಯತ್ತ ಬೆರಳು ತೋರಿಸಿದರು. ಕೆಟ್ಟ ಮನುಷ್ಯ ಅಲ್ಲ ಅವರು. ಎಜೆಗಿಂತ ಎರಡು ವರ್ಷ ಚಿಕ್ಕವರು, ಒಂದೇ ಹಾಸ್ಟೆಲಿನಲ್ಲಿ ಒಂದೇ ಬಾಣಲೆಯಿಂದ ಉಂಡವರು. ಆದರೆ ಕಡಿದ ರೆಂಬೆ ಏನನ್ನಾದರೂ ಹಿಡಿದಿಟ್ಟುಕೊಳ್ಳುತ್ತದೆ ಎನ್ನುವುದನ್ನು ಅವರ ಮನಸ್ಸು ಒಪ್ಪುತ್ತಿರಲಿಲ್ಲ.

"ಎಜೆ, ಕೋಳಿ ಕತ್ತು ಕೊಯ್ದ ಮೇಲೂ ಓಡುತ್ತೆ. ಅದಕ್ಕೆ ದಾರಿ ನೆನಪಿದೆ ಅಂತೀಯಾ?" ಎಂದರು ಹಜಾರದಲ್ಲಿ. ನಾನು ಅಲ್ಲೇ ಬಲ್ಬು ಬದಲಿಸುತ್ತಿದ್ದೆ.

"ಕೋಳಿ ಸಂಜೆವರೆಗೆ ಓಡುತ್ತಾ, ಬೇಶೆನ್?"

"ಅದನ್ನೇ ಹೇಳ್ತಿರೋದು. ಸಂಜೆವರೆಗೆ ನಿಲ್ಲಿಸಿ ತೋರಿಸು. ಒಂದು ಕಡಿದ ಹೋಳಲ್ಲಿ ಸಂಕೇತ ಎದ್ದ ಎತ್ತರದಲ್ಲೇ ನಿಲ್ಲಬೇಕು. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಕಡಿದ ಹೋಳು, ಅದಕ್ಕೆ ಪ್ರೋಟೀನು ಕಟ್ಟೋದನ್ನ ತಡೆಯೋ ಮದ್ದು. ಅದು ಎದ್ದು ಆಮೇಲೆ ಬೀಳಬೇಕು. ಯಾವ ಸೀಸೇಲಿ ಮದ್ದಿದೆ ಅಂತ ಕೊನೇವರೆಗೂ ನಿನಗೆ ಗೊತ್ತಿರಬಾರದು. ತೋರಿಸಿದ್ರೆ ಕೋಣೆ ನಿಂದು, ಸಭೇಲಿ ನಾನೇ ಮಾತಾಡ್ತೀನಿ. ಇಲ್ಲ ಅಂದ್ರೆ..."

"ಇಲ್ಲ ಅಂದ್ರೆ ನೆಲಮಾಳಿಗೇಲಿ ಸೀಸೆ ತೊಳೀತೀನಿ. ಗೊತ್ತು" ಎಂದಳು ಎಜೆ. "ಸೀಸೆ ನನಗೆ ಗೊತ್ತಿರಬಾರದು ಅನ್ನೋದಕ್ಕೆ ನನ್ನ ಒಪ್ಪಿಗೆ ಇದೆ. ಇಷ್ಟು ವರ್ಷ ಕಾದ ಕಣ್ಣು ಇದು. ಬಿದ್ದಿದ್ದನ್ನೂ ನಿಂತಿದೆ ಅಂತ ನೋಡಿಬಿಡುತ್ತೆ."

ಏಣಿಯ ಮೇಲಿಂದ ನಾನು ಬಾಯಿ ಹಾಕಿದೆ. "ಬೇಶೆನ್ ಒರೋಜೊವಿಚ್, ನಿಮ್ಮ ಕೋಣೇನೇ ಬಾಡಿಗೆಗೆ ಕೊಡಿ. ಅಲ್ಲಿ ಯಾವ ರೆಂಬೇನೂ ಇಲ್ಲ, ಬರೀ ಕುರ್ಚಿ."

"ನೀನು ಬಲ್ಬು ನೋಡಪ್ಪ" ಅಂದರು.

ತಯಾರಿ ಶುರುವಾಯಿತು. ಇಲಿಯ ಮೆದುಳಿನ, ನೆನಪಿಗೆ ಸಂಬಂಧಪಟ್ಟ ಒಂದು ಭಾಗವನ್ನು ಉಗುರಿನಷ್ಟು ತೆಳ್ಳಗೆ ಬಿಲ್ಲೆ ಮಾಡಿ, ಬೆಚ್ಚಗಿನ ಉಪ್ಪುನೀರಿನಲ್ಲಿ ಇಟ್ಟು, ಆಮ್ಲಜನಕದ ಗುಳ್ಳೆ ಬಿಡುತ್ತಿದ್ದರೆ ಅದು ಇಡೀ ದಿನ ಬದುಕಿರುತ್ತದೆ. ಅದರೊಳಗೆ ಗಾಜಿನ ಮೊನೆ ಇಳಿಸಿ ನರದ ಮಾತನ್ನು ಪರದೆಯ ಮೇಲೆ ಗೆರೆಯಾಗಿ ನೋಡಬಹುದು. ಬೀದಿಯಲ್ಲಿ ಲಾರಿ ಹೋದರೆ ಸಾಕು, ಮೊನೆ ಅದುರಿ ಎಲ್ಲ ಹಾಳು. ಅದಕ್ಕೆ ನಾನು ಮೇಜಿನ ಕಾಲಿನ ಕೆಳಗೆ ಮರಳು ತುಂಬಿದ ಪೆಟ್ಟಿಗೆ ಇಟ್ಟು, ಮೇಲಿನ ಕಲ್ಲುಹಲಗೆಯನ್ನು ಟ್ರಾಕ್ಟರ್ ಟ್ಯೂಬಿನ ಮೇಲೆ ಕೂರಿಸಿದ್ದೆ. ಆದರೂ ಪ್ರಯೋಗದ ದಿನ ಬೆಳಿಗ್ಗೆ ಬ್ರೆಡ್ಡಿನ ವ್ಯಾನಿನವನು ಕಿಟಕಿಯ ಕೆಳಗೇ ಎಂಜಿನ್ ಆಫ್ ಮಾಡದೆ ನಿಂತ. ನಾನು ಕೆಳಗೆ ಹೋಗಿ ಅವನ ಜೊತೆ ಮಾತಾಡಿದೆ. ಏನು ಮಾತಾಡಿದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ. ಅವನು ಆಮೇಲೆ ಆ ಬೀದಿಗೇ ಬರಲಿಲ್ಲ.

ಬೇಶೆನ್ ಒರೋಜೊವಿಚ್ ಬಾಗಿಲು ಹಾಕಿಕೊಂಡು ಎರಡು ಸೀಸೆ ತಯಾರು ಮಾಡಿ ತಂದರು. ಎರಡರಲ್ಲೂ ಒಂದೇ ಬಣ್ಣದ ನೀರು. ಒಂದರಲ್ಲಿ ಮದ್ದು. ಯಾವುದು ಎಂದು ಅವರೊಬ್ಬರಿಗೇ ಗೊತ್ತು.

ಎಜೆ ಕಡಿಯುವುದನ್ನು ಆ ದಿನ ನಾನು ಮೊದಲ ಸಲ ಹತ್ತಿರದಿಂದ ನೋಡಿದೆ. ಸೂಕ್ಷ್ಮದರ್ಶಕದಲ್ಲಿ ನನಗೂ ಒಂದು ಸಲ ಕಣ್ಣಿಡಲು ಬಿಟ್ಟಳು. ಮಬ್ಬು ಬಿಲ್ಲೆಯ ನಡುವೆ ಒಂದು ಬಾಗಿದ ಪಟ್ಟಿ. ಕೋಶಗಳ ತಲೆಗಳೆಲ್ಲ ಅಲ್ಲಿ ಸಾಲಾಗಿ ಕೂತಿವೆ. ಆ ಪಟ್ಟಿಯಿಂದ ಒಂದೇ ದಿಕ್ಕಿಗೆ ಹೊರಟ ರೆಂಬೆಗಳು. ಎಜೆ ಉಸಿರು ಹಿಡಿದು ಬ್ಲೇಡಿನ ಚೂರನ್ನು ಪಟ್ಟಿಯ ಅಂಚಿಗೇ ಇಳಿಸಿದಳು. ಸದ್ದೂ ಇಲ್ಲ, ರಕ್ತವೂ ಇಲ್ಲ. ಊರು ಒಂದು ಕಡೆಯಾಯಿತು, ಹುಲ್ಲುಗಾವಲು ಒಂದು ಕಡೆಯಾಯಿತು. ಊರನ್ನು ಚಿಮಟದಲ್ಲಿ ಎತ್ತಿ ಹೊರಗೆ ಹಾಕಿದಳು. ಎರಡನೇ ಹೋಳಿಗೂ ಹಾಗೆಯೇ ಮಾಡಿದಳು.

ಎರಡಕ್ಕೂ ಎರಡು ಸೀಸೆಯ ನೀರು ಹರಿಸಿ, ಸಂಧಿಗಳ ಮೇಲೆ ವಿದ್ಯುತ್ ಸಂಕೇತಗಳ ಮಳೆಗರೆದಳು. ಇಲಿ ಏನನ್ನೋ ಕಲಿತಾಗ ನರಗಳಲ್ಲಿ ಇಂಥದ್ದೇ ಏನೋ ನಡೆಯುತ್ತದಂತೆ. ಪರದೆಯ ಮೇಲಿನ ಎರಡು ಗೆರೆಯೂ ಒಟ್ಟಿಗೆ ಎದ್ದವು. ತಲೆಯಿಲ್ಲದ ತುಂಡು ಅದು. ಆದರೂ ಕರೆದರೆ ಓಗೊಡುತ್ತಿದೆ, ಮೊದಲಿಗಿಂತ ಜೋರಾಗಿ ಓಗೊಡುತ್ತಿದೆ.

"ಏಳೋದು ಲೆಕ್ಕಕ್ಕಿಲ್ಲ" ಎಂದಳು ಎಜೆ. "ಏಳೋದು ಹಳೇ ಸಾಮಾನಿಂದಾನೂ ಆಗುತ್ತೆ. ನಿಲ್ಲೋದು ನೋಡ್ಬೇಕು."

ಮಧ್ಯಾಹ್ನದ ಹೊತ್ತಿಗೆ ಒಂದು ಗೆರೆ ಕುಗ್ಗತೊಡಗಿತು. ಇನ್ನೊಂದು ನಿಂತೇ ಇತ್ತು. ಎಜೆಯ ಬೆನ್ನ ಹಿಂದೆ ಬೇಶೆನ್ ಒರೋಜೊವಿಚ್ ನಿಂತಿದ್ದರು. ಮೊದಲು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೊರಗೆ ಹೋಗಿ ಸಿಗರೇಟು ಹಚ್ಚಿ, ಸೇದದೆ ಹಾಗೇ ಹಿಡಿದುಕೊಂಡು ಒಳಗೆ ಬಂದರು. ಬಗ್ಗಿ ಪರದೆ ನೋಡಿದರು. ಇನ್ನೂ ಅರ್ಧ ದಿನದ ಅಳತೆ ಬಾಕಿ ಇತ್ತು. ಆ ಮನುಷ್ಯನಿಗೆ ತಡೆಯಲಾಗಲಿಲ್ಲ.

"ಸುಯುಂಚು!" ಎಂದು ಕೂಗಿಬಿಟ್ಟರು. "ಜೂರಾಕನ್ ಎಜೆ, ಸುಯುಂಚು! ನಿಂತಿರೋದು ಮದ್ದಿಲ್ಲದ್ದು!"

ಒಳ್ಳೆಯ ಸುದ್ದಿ ಮೊದಲು ತಂದವನು ನಮ್ಮಲ್ಲಿ ಕೂಗುವ ಮಾತು ಅದು. ಮಗು ಹುಟ್ಟಿದರೆ, ಕಳೆದ ಕುದುರೆ ಸಿಕ್ಕಿದರೆ, ಸೇನೆಯಿಂದ ಮಗ ಬಂದರೆ, ಮೊದಲು ಓಡಿ ಬಂದವನು ಸುಯುಂಚು ಎನ್ನುತ್ತಾನೆ. ಕೇಳಿದವರು ಏನು ಎತ್ತ ಎನ್ನದೆ ಕೈಗೆ ಸಿಕ್ಕಿದ್ದನ್ನು ಕೊಡಬೇಕು. ಎಜೆಯೂ ಹಾಗೇ ಮಾಡಿದಳು. ಎದ್ದವಳೇ ಚೀಲಕ್ಕೆ ಕೈ ಹಾಕಿ, ಮಗನಿಗೆಂದು ಹೆಣೆದು ಮುಗಿಸಿದ್ದ ಒಂಟೆ ಉಣ್ಣೆಯ ಕಾಲುಚೀಲದ ಜೋಡಿಯನ್ನು ಅವರ ಕೈಗೆ ತುರುಕಿದಳು. ಇಬ್ಬರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮೊದಲು ನಗು ನಿಂತಿದ್ದು ಎಜೆಯದು.

"ಬೇಶೆನ್" ಎಂದಳು ಮೆಲ್ಲಗೆ. "ಯಾವುದರಲ್ಲಿ ಮದ್ದಿದೆ ಅಂತ ನನಗೆ ಈಗ ಗೊತ್ತಾಗಿಹೋಯ್ತು."

ಇನ್ನು ಮುಂದೆ ಆಕೆ ಯಾವ ಮೊನೆಯನ್ನು ಸರಿಪಡಿಸಿದರೂ, ಯಾವ ಗೆರೆಯನ್ನು ಅಳೆದರೂ, ಅದು ಗೊತ್ತಿದ್ದ ಕೈಯ ಕೆಲಸ. ಆ ದಿನದ ಕೆಲಸವೆಲ್ಲ ನೀರಿನಲ್ಲಿ ಹೋಮ ಆಯಿತು. ಬೇಶೆನ್ ಒರೋಜೊವಿಚ್ ಕಾಲುಚೀಲ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದರು.

ನನಗೆ ಸಿಟ್ಟು ಬಂದರೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ. "ಏನ್ರೀ ನೀವು" ಎಂದೆ, "ಗೊತ್ತಾಗಬಾರದು ಅಂತ ಕಾನೂನು ಮಾಡಿದ್ದು ನೀವು, ಮನೆ ಮೇಲೆ ನಿಂತು ಟಾಂ ಟಾಂ ಹೊಡೆದಿದ್ದೂ ನೀವು. ನಿಮ್ಮ ನಾಲಿಗೆಗೆ ಒಂದು ಕೊಳಾಯಿ ಕೂರಿಸ್ಲಾ?"

"ನಾಲಿಗೆ ನಂದಲ್ಲ ಎಸೆನ್" ಎಂದರು ತಲೆ ತಗ್ಗಿಸಿ. "ನಮ್ಮಜ್ಜಂದು. ಅವನು ಸತ್ತು ನಲವತ್ತು ವರ್ಷ ಆದ್ರೂ ಒಳಗೆ ಕೂತವ್ನೆ."

"ಹಂಗಾದ್ರೆ ಇವತ್ತಿಂದೇ ಲೆಕ್ಕ ಅಂತ ಬರ್ಕೊಳ್ಳಿ. ನೀವೇ ಕಣ್ಣಾರೆ ನೋಡಿದ್ರಲ್ಲ."

"ಬೇಡ" ಎಂದಳು ಎಜೆ. "ಅರ್ಧ ಬೆಂದ ರೊಟ್ಟೀನ ಸಭೆಗೆ ಬಡಿಸಲ್ಲ ನಾನು. ಬೇಶೆನ್, ಮದ್ದು ಎಷ್ಟು ಉಳಿದಿದೆ?"

ಇನ್ನೊಂದು ಸಲಕ್ಕೆ ಸಾಕಾಗುವಷ್ಟೇ ಉಳಿದಿತ್ತು. ಸಭೆ ಬಾಗಿಲಿಗೆ ಬಂದಿತ್ತು. ಮತ್ತೆ ತರಿಸಲು ಸಮಯ ಇಲ್ಲ. ಇನ್ನೊಂದು ಸಲ ಕೆಟ್ಟರೆ ಕೋಣೆ ಹೋಯಿತು, ಆಕೆಯ ಹುಡುಕಾಟ ನೆಲಮಾಳಿಗೆಯ ಸೀಸೆಗಳ ನಡುವೆ ಮುಗಿಯಿತು.

ಈ ಸಲ ಗುಟ್ಟು ಇಟ್ಟುಕೊಳ್ಳುವವರು ಯಾರು? ಸಂಬಳವಿಲ್ಲದ ರಜೆಯ ಮೇಲೆ ಅರ್ಧ ಕಟ್ಟಡ ಖಾಲಿ. ಬೇಶೆನ್ ಒರೋಜೊವಿಚ್ ತಾವಾಗಿಯೇ ಬೇಡ ಎಂದರು. ಎಜೆ ನನ್ನ ಕಡೆ ನೋಡಿದಳು, ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಇವನಾ? ಇವನ ಮುಖ ಅಂದ್ರೆ ಬೀದಿ ಕಡೆ ಕಿಟಕಿ. ಒಳಗೆ ಏನ್ ಬೇಯ್ತಿದೆ ಅಂತ ದಾರೀಲಿ ಹೋಗೋರಿಗೂ ಗೊತ್ತಾಗುತ್ತೆ."

"ಮುಖ ಗೋಡೆ ಕಡೆ ಮಾಡ್ಕೊಂಡು ಕೂರ್ತೀನಿ."

"ಬಾಯಿ?"

"ಬಾಯಿಗೆ ಕುರುತ್ ತುಂಬ್ಕೋತೀನಿ."

ಮೊಸರನ್ನು ಹಿಂಡಿ, ಉಪ್ಪು ಹಾಕಿ, ಬಿಸಿಲಿಗೆ ಕಲ್ಲಾಗುವ ತನಕ ಒಣಗಿಸಿದ ಉಂಡೆಯೇ ಕುರುತ್. ಒಂದು ಉಂಡೆ ಬಾಯಲ್ಲಿ ಕರಗಲು ಅರ್ಧ ದಿನದ ದಾರಿ ಬೇಕು. ದವಡೆಗೆ ಒಂದೊಂದು ಇಟ್ಟುಕೊಂಡರೆ ಯಾವ ಗಂಡಸೂ ಮಾತಾಡಲಾರ. ಎಜೆಗೆ ಈ ಉಪಾಯ ಹಿಡಿಸಿತು. ತನ್ನ ಊರಿನಿಂದ ಬಂದ ದೊಡ್ಡ ಉಂಡೆಗಳನ್ನೇ ಆರಿಸಿ ತಂದಳು.

ಬೇಶೆನ್ ಒರೋಜೊವಿಚ್ ಮದ್ದು ಬೆರೆಸುವುದನ್ನು ತೋರಿಸಿಕೊಟ್ಟು ಹೊರಗೆ ಹೋದರು. ನಾನು ಒಬ್ಬನೇ ಬೆರೆಸಿದೆ. ಗುರುತಿಗೆ ಅಕ್ಷರ ಬರೆಯಲಿಲ್ಲ. ನಮ್ಮ ಮನೆಯಲ್ಲಿ ಕುರಿಯ ಕಿವಿಗೆ ಗುರುತು ಹಾಕುವ ಹಾಗೆ ರಬ್ಬರಿನ ಚೂರು ಕತ್ತರಿಸಿ ಸೀಸೆಯ ಕುತ್ತಿಗೆಗೆ ಕಟ್ಟಿದೆ. ಒಂದಕ್ಕೆ ಕವೆಯ ಕಚ್ಚು, ಒಂದಕ್ಕೆ ದುಂಡು ತೂತು. ಕವೆಯದರಲ್ಲಿ ಮದ್ದು. ಅದನ್ನು ಎಜೆ ಹೊಸದಾಗಿ ಕಡಿದಿಟ್ಟಿದ್ದ ಎರಡು ಹೋಳುಗಳಲ್ಲಿ ಎಡಗಡೆಯದಕ್ಕೆ ಜೋಡಿಸಿದೆ. ಜೋಡಿಸಿ, ಬಾಯಿಗೆ ಎರಡು ಉಂಡೆ ತುರುಕಿಕೊಂಡು, ಟೋಪಿಯನ್ನು ಹುಬ್ಬಿನ ತನಕ ಎಳೆದು, ಬಿಸಿನೀರಿನ ತೊಟ್ಟಿಯ ಪಕ್ಕ ಗೋಡೆಗೆ ಮುಖ ಮಾಡಿ ಕೂತೆ. ನೀರಿನ ಬಿಸಿ ಏರದಂತೆ ಇಳಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೆ ಪರದೆ ನೋಡಬೇಕಾಗಿಲ್ಲ.

ಬೆಳಿಗ್ಗೆ ಮತ್ತೆ ಎರಡೂ ಎದ್ದವು. ಎಜೆ ಹೇಳಿದ್ದರಿಂದ ಗೊತ್ತಾಯಿತು. ಆಮೇಲೆ ಗುಳ್ಳೆಯ ಸದ್ದು, ಪೆನ್ಸಿಲಿನ ಕರಕರ, ಆಕೆಯ ಕುರ್ಚಿಯ ಕೀಚು. ಎದುರಿಗೆ ಗೋಡೆಯ ಸುಣ್ಣ. ಅದರಲ್ಲಿ ಒಂದು ಬಿರುಕು, ಹರಿಯುವ ನದಿಯ ಹಾಗೆ. ಆ ನದಿಯ ದಡದಲ್ಲಿ ಎಷ್ಟು ಸಲ ಹೋಗಿ ಬಂದೆನೋ ದೇವರೇ ಬಲ್ಲ.

ಬೇಶೆನ್ ಒರೋಜೊವಿಚ್ ಬಂದು ನನ್ನ ಮತ್ತು ಗೋಡೆಯ ನಡುವೆ ತಲೆ ತೂರಿಸಿದರು. "ಏನಪ್ಪಾ, ಹೆಂಗಿದೆ?" ನಾನು ಕಣ್ಣು ಮುಚ್ಚಿಕೊಂಡೆ. "ಮುಖ ಕೆಂಪಗಾಗಿದೆಯಲ್ಲ, ಒಳ್ಳೇದಕ್ಕೋ ಕೆಟ್ಟದ್ದಕ್ಕೋ?" ಮೊಣಕೈಯಿಂದ ತಿವಿದೆ. "ಇವನನ್ನ ನೋಡು ಎಜೆ, ಜೀವಮಾನದಲ್ಲಿ ಮೊದಲ್ನೇ ಸಲ ನನಗೆ ಉತ್ತರ ಕೊಡ್ತಿಲ್ಲ."

"ಅವನನ್ನ ಬಿಡು ಬೇಶೆನ್, ಉಂಡೆ ನುಂಗಿ ಸತ್ತುಗಿತ್ತು ಹೋದಾನು."

ಮಧ್ಯಾಹ್ನ ಕಳೆಯಿತು. ಆಕೆಯ ಪೆನ್ಸಿಲು ಒಮ್ಮೆ ನಿಂತಿತು. "ಎಡದ್ದು" ಎಂದು ತನ್ನಷ್ಟಕ್ಕೆ ಗೊಣಗಿದಳು. "ಎಡದ್ದು ಇಳೀತಾ ಇದೆ."

ಎಡದ್ದು ಕವೆಯದು. ಕವೆಯದು ಮದ್ದಿನದು.

ಅವತ್ತಿನ ನನ್ನ ಸ್ಥಿತಿ ಹೇಗೆ ಹೇಳಲಿ. ಆ ಇಡೀ ಕಟ್ಟಡದಲ್ಲಿ, ನನ್ನ ಪಾಲಿಗೆ ಇಡೀ ಊರಿನಲ್ಲಿ, ಆ ಸುದ್ದಿ ಗೊತ್ತಿದ್ದವನು ನಾನೊಬ್ಬ. ಒಲೆಯ ಬೆಂಕಿ ಆರಿಸಿದ ಗುಡಾರದಲ್ಲಿ ರೊಟ್ಟಿ ಇಲ್ಲ, ನೆನಪು ಇಳಿಯುತ್ತಿದೆ. ಪಕ್ಕದ್ದರಲ್ಲಿ ಒಲೆ ಉರಿಯುತ್ತಿದೆ, ಊರೇ ಇಲ್ಲದಿದ್ದರೂ ಉರಿಯುತ್ತಿದೆ. ನನ್ನೊಳಗೆ ನನ್ನಜ್ಜನೂ ಎದ್ದ, ಅವನಪ್ಪನೂ ಎದ್ದ, ಇಡೀ ಕುಲವೇ ಎದ್ದು ಗಂಟಲಿಗೆ ಬಂದು ಆ ಒಂದು ಮಾತಿಗಾಗಿ ಬಡಿದಾಡಿತು. ನಾನು ಕುರುತ್ ಕಚ್ಚಿದೆ. ಉಪ್ಪು ಇಳಿದು ಕಣ್ಣಲ್ಲಿ ನೀರು ಬಂತು. ಒಂದು ಹಲ್ಲಿನ ಮೂಲೆ ಮುರಿದದ್ದು ಆಗಲೇ. ಕೆಳಗಿನ ಅಂತಸ್ತಿನ ಡಾಕ್ಟರು ಆಮೇಲೆ ಅದನ್ನು ನೋಡಿ, "ಕಲ್ಲು ತಿಂದ್ಯಾ?" ಎಂದು ಕೇಳಿದರು.

ಹೊರಗೆ ಕತ್ತಲಾಗುವ ಮುಂಚೆ ಎಜೆ ಎದ್ದು ಮೈ ಮುರಿದಳು. ಬೇಶೆನ್ ಒರೋಜೊವಿಚ್ ಎದುರಿಗೆ ಗೆರೆಗಳನ್ನು ಸ್ಕೇಲು ಹಿಡಿದು ಅಳೆದಳು. ಅವರೂ ಅಳೆದರು. ಆಮೇಲೆ ಎಜೆ ಹೇಳಿದಳು.

"ಎಡದ್ದು ಎದ್ದಲ್ಲಿಂದ ಪೂರ್ತಿ ಕೆಳಗೆ ಬಂದಿದೆ. ಬಲದ್ದು ಬೆಳಿಗ್ಗೆ ಎದ್ದ ಎತ್ತರದಲ್ಲೇ ಇದೆ. ಇನ್ನು ಇವನು ಹೇಳ್ಲಿ. ಎಸೆನ್, ತಿರುಗೋ. ಮದ್ದು ಯಾವುದರಲ್ಲಿತ್ತು?"

ತಿರುಗಿದೆ. ಬಾಯಿ ತೆರೆದೆ. ಆ ದಿನವೆಲ್ಲ ಉಪ್ಪು ಕುಡಿದ ನಾಲಿಗೆ ಕಟ್ಟಿಗೆಯಾಗಿತ್ತು. ದವಡೆ ಬಿಗಿದಿತ್ತು. ಒಂದು ಉಂಡೆ ಕೆನ್ನೆಗೆ ಅಂಟಿ ಕೂತಿತ್ತು. "ಉಂ" ಎಂದೆ. "ಉ ಉಂ."

"ಏನಂತೆ?"

ತಡೆಯಲಾಗದೆ ಓಡಿ ಹೋಗಿ ಎಡಗಡೆಯ ಸೀಸೆಯ ಕುತ್ತಿಗೆಯ ರಬ್ಬರ್ ಚೂರನ್ನು ಕಿತ್ತು ಮೇಲೆತ್ತಿ ತೋರಿಸಿ, ನನ್ನ ಗಂಟಲಿನ ಮೇಲೆ ಬೆರಳು ಎಳೆದು, ಒಲೆ ಆರಿತು ಎಂದು ಕೈಯಾಡಿಸಿದೆ. ಬಲಗಡೆಗೆ ತೋರಿಸಿ, ಎರಡೂ ಕೈಯಿಂದ ಹೊಗೆ ಏಳಿಸಿದೆ.

ಎಜೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಬೇಶೆನ್ ಒರೋಜೊವಿಚ್ ಟೋಪಿಯನ್ನು ಸೂರಿಗೆ ಎಸೆದರು. ಅದು ಬಲ್ಬಿನ ಮೇಲೆ ಸಿಕ್ಕಿಕೊಂಡು ಕೋಣೆಯೆಲ್ಲ ಅರ್ಧ ಕತ್ತಲಾಯಿತು. ಎಜೆ ಎದ್ದು ಬಂದು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟಳು, ಬೆನ್ನಿಗೆ ಗುದ್ದಿದಳು, ಆ ಗುದ್ದಿಗೆ ಕೆನ್ನೆಯ ಉಂಡೆ ಹೊರಗೆ ಹಾರಿತು. "ಹೊಗೆ ಎದ್ದಿದೆಯಲ್ಲೋ" ಎನ್ನುತ್ತಿದ್ದಳು, "ತಮ್ಮಾ, ದಾರಿ ಕಡಿದ್ರೂ ಮೇಲೆ ಹೊಗೆ ಎದ್ದಿದೆಯಲ್ಲೋ." ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ನನ್ನ ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ.

ಸಭೆಯಲ್ಲಿ ಬೇಶೆನ್ ಒರೋಜೊವಿಚ್ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರಂತೆ. ಕೋಣೆ ಉಳಿಯಿತು. ಎಜೆ ಅಲ್ಲಿ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ, ನಿಂತದ್ದು ಎಷ್ಟು ಸಲ ಬಿದ್ದದ್ದು ಎಷ್ಟು ಸಲ ಎಂದು ಎರಡನ್ನೂ ಮುಚ್ಚಿಡದೆ ಬರೆದು ಕಳಿಸಿದಳು. ಜಗತ್ತಿನ ಬೇರೆ ಕಡೆಯ ದೊಡ್ಡ ಕೋಣೆಗಳಲ್ಲೂ ಇದನ್ನೇ ಹುಡುಕುತ್ತಿದ್ದರು, ಕೆಲವರು ಮೊದಲೇ ಕಂಡಿದ್ದರು ಎಂದು ಆಮೇಲೆ ತಿಳಿಯಿತು. ಅದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು. ಎಜೆಗೆ ಉರಿಯಲಿಲ್ಲ. "ಹುಲ್ಲುಗಾವಲು ದೊಡ್ಡದು ಕಣೋ, ಎಷ್ಟು ಗುಡಾರ ಇದ್ರೂ ಜಾಗ ಇದೆ" ಎಂದಳು. ಇಷ್ಟು ಆ ಹಲಗೆಯ ಹಾಳೆಯಲ್ಲಿ ಇರಬೇಕಿತ್ತು.

ಈಗ ನನ್ನ ತಕರಾರಿಗೆ ಬರುತ್ತೇನೆ. ಆ ಸಂಜೆ ಬಾಯಿ ತೊಳೆದುಕೊಂಡು, ನಾಲಿಗೆ ತಿರುಗತೊಡಗಿದ ತಕ್ಷಣ ನಾನು ಎಜೆಯ ಮುಂದೆ ನಿಂತು ಹೇಳಿದೆ. "ಸುಯುಂಚು."

"ಯಾವುದಕ್ಕೆ?"

"ಯಾವುದಕ್ಕೆ ಅಂದ್ರೆ? ಸುದ್ದಿ ಮೊದಲು ಗೊತ್ತಿದ್ದಿದ್ದು ನನಗೆ. ತಂದಿದ್ದು ನಾನು."

"ನೀನು ಕೈಯಾಡಿಸಿದೆ. ಮಾತು ಎಲ್ಲಿ ಆಡಿದೆ? ಈಗ ನನಗೆ ಗೊತ್ತಾಗಿಹೋಯ್ತು, ಹಳೇ ಸುದ್ದಿ."

ಬೇಶೆನ್ ಒರೋಜೊವಿಚ್ ಪಕ್ಕದಲ್ಲಿ ನ್ಯಾಯಾಧೀಶರ ಹಾಗೆ ಗಂಟಲು ಸರಿಮಾಡಿಕೊಂಡರು. "ಸುದ್ದಿ ಮುಟ್ಟಿದ ಮೇಲೆ ಕೇಳಿದ್ರೆ ಅದು ಸುಯುಂಚು ಅಲ್ಲಪ್ಪ. ಭಿಕ್ಷೆ."

ಅವರ ಕಾಲಲ್ಲಿ ಆ ಒಂಟೆ ಉಣ್ಣೆಯ ಕಾಲುಚೀಲ. ಕೆಲಸ ಕೆಡಿಸಿದವನಿಗೆ ಬಹುಮಾನ, ಹಲ್ಲು ಮುರಿದುಕೊಂಡು ಬಾಯಿ ಮುಚ್ಚಿಕೊಂಡಿದ್ದವನಿಗೆ ಕಾನೂನು. "ಹಂಗಾದ್ರೆ ಅದನ್ನ ಬಿಚ್ಚಿ ಕೊಡಿ" ಎಂದೆ. "ಕೊಟ್ಟ ಸುಯುಂಚು ವಾಪಸ್ ಇಸ್ಕೊಂಡ್ರೆ ಸುದ್ದೀನೂ ವಾಪಸ್ ಹೋಗುತ್ತೆ, ಹಂಗೆಲ್ಲ ಮಾಡಬಾರದು" ಎಂದರು. ನೊರೂಜ್‌ನ ಊಟದಲ್ಲಿ ಹಿರಿಯರ ಮುಂದೆ ತಕರಾರು ಇಟ್ಟೆ. ಅರ್ಧ ಜನ ನನ್ನ ಕಡೆ, ಅರ್ಧ ಜನ ಎಜೆ ಕಡೆ. ಪಾತ್ರೆ ಖಾಲಿಯಾಗುವ ತನಕ ಜಗಳ ಆಡಿ, ತೀರ್ಪು ಕೊಡದೆ ಎದ್ದು ಹೋದರು.

ನಿವೃತ್ತಳಾದ ಮೇಲೆ ಎಜೆ ಅತ್‌ಬಾಶಿಗೆ ಮಗಳ ಮನೆಗೆ ಹೋದಳು. ಪ್ರತಿ ಶರತ್ಕಾಲ ಅಲ್ಲಿಂದ ಬರುವ ಲಾರಿಯಲ್ಲಿ ನನಗೊಂದು ಡಬ್ಬಿ ಬೆಣ್ಣೆ ಕಳಿಸುತ್ತಾಳೆ. ಹಳದಿ, ಗಟ್ಟಿ, ಒಳ್ಳೆಯ ಬೆಣ್ಣೆ. ನಾನು ತಿಂದು, ಫೋನು ಮಾಡಿ, "ಬೆಣ್ಣೆ ಬಂತು ಎಜೆ, ಅದು ಬೆಣ್ಣೆ ಲೆಕ್ಕಕ್ಕೆ ಹೋಯ್ತು. ಸುಯುಂಚು ಬೇರೆ" ಎನ್ನುತ್ತೇನೆ.

"ನೀನು ಬಾಯಿಬಿಟ್ಟು ಹೇಳಿದ್ದಿದ್ರೆ ಕೊಡ್ತಿದ್ದೆ" ಎನ್ನುತ್ತಾಳೆ.

"ಹೇಳಿದ್ದಿದ್ರೆ ನಿನ್ನ ಕೋಣೆ ಹೋಗ್ತಿತ್ತು."

"ಹೌದಲ್ಲ" ಎಂದು ನಕ್ಕು ಫೋನು ಇಡುತ್ತಾಳೆ. ಕೊಡುವ ಮಾತು ಮಾತ್ರ ಇಲ್ಲ.